ಬಲಗಡೆಯ ಪಟ್ಟಿ

ಅತ್ತೆಯ ಅಡಿಗೆಮನೆಯಲ್ಲಿ ಉಪ್ಪಿನ ಭರಣಿ ಒಲೆಯ ಎಡಗಡೆ ಇರುತ್ತಿತ್ತು. ಮದುವೆಯಾಗಿ ಹೋದ ಹೊಸತರಲ್ಲಿ ನಾನು ಅದನ್ನು ಬಲಗಡೆ ಇಟ್ಟೆ. ಕೈಗೆ ಹತ್ತಿರವಾಗಲಿ ಅಂತ, ಬೇರೆ ದುರುದ್ದೇಶ ಇರಲಿಲ್ಲ. ಸಂಜೆಗೆ ಭರಣಿ ಎಡಕ್ಕೆ ಬಂದಿತ್ತು. ಮಾರನೆಯ ದಿನ ಮತ್ತೆ ಬಲಕ್ಕಿಟ್ಟೆ. ಅತ್ತೆ ಬೈಯಲಿಲ್ಲ, ಬೈಯುವ ಪೈಕಿಯೇ ಅಲ್ಲ ಅವರು. ಭರಣಿಯನ್ನು ಎತ್ತಿ ಅದರ ಜಾಗಕ್ಕಿಟ್ಟು, “ಅದು ನಮ್ಮತ್ತೆ ಇಟ್ಟ ಜಾಗ ಕಣೆ. ನಾನೇ ಇಷ್ಟು ವರ್ಷ ಅಲ್ಲಾಡ್ಸಿಲ್ಲ” ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಬಾಳೂರಿನ ಕಡೆಯ ಆ ಮನೆಯಲ್ಲಿ ಹೊಟ್ಟೆಗೆ ಬಟ್ಟೆಗೆ ಕಮ್ಮಿ ಇರಲಿಲ್ಲ. ಒಬ್ಬರೂ ಗದರಿದವರಲ್ಲ. ಆದರೆ ಅಲ್ಲಿ ನಾನು ಜರುಗಿಸಬಹುದಾದ ವಸ್ತು ಅಂತ ಒಂದೂ ಇರಲಿಲ್ಲ. ಮಂಚ ಯಾವ ದಿಕ್ಕಿಗಿರಬೇಕು, ಪೊರಕೆ ಯಾವ ಮೂಲೆಯಲ್ಲಿ ನಿಲ್ಲಬೇಕು, ಎಲ್ಲವೂ ನಾನು ಹುಟ್ಟುವ ಮುಂಚೆಯೇ ತೀರ್ಮಾನವಾಗಿತ್ತು. ಉಸಿರು ಕಟ್ಟುತ್ತಿತ್ತು ನನಗೆ. ಹೇಳಿದರೆ ಯಾರು ನಂಬುತ್ತಾರೆ? ಉಪ್ಪಿನ ಭರಣಿ ಎಡಕ್ಕಿದೆ ಅಂತ ತವರಿಗೆ ದೂರು ಹೇಳಲಿಕ್ಕಾಗುತ್ತದೆಯೇ?

ಆ ಮನೆಗೆ ಕಂಪ್ಯೂಟರ್ ಬಂದದ್ದು ಮಳೆಯ ದೆಸೆಯಿಂದ. ಮಾವ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾಫಿ ಕಣದ ಹಿಂದಿನ ಮಳೆಮಾಪಕ ನೋಡಿ, ಎಷ್ಟು ಇಂಚು ಎಷ್ಟು ಸೆಂಟು ಅಂತ ಪುಸ್ತಕದಲ್ಲಿ ಬರೆಯುವವರು, ನೂರು ಸೆಂಟಿಗೆ ಒಂದು ಇಂಚು. ಆಮೇಲೆ ಅಕ್ಕಪಕ್ಕದ ಎಸ್ಟೇಟಿಗೆ ಫೋನು: “ನಿಮ್ಮಲ್ಲೆಷ್ಟು?” ನಮ್ಮ ಕಡೆ ಕ್ಷೇಮಸಮಾಚಾರ ಅಂದರೆ ಇದೇ. ಮಳೆ ಬಾರದ ದಿನವೂ ಅವರು ಹೋಗಿ ನೋಡಿ ಸೊನ್ನೆ ಬರೆಯುತ್ತಿದ್ದರು. “ಸೊನ್ನೆ ಬರೀದೇ ಬಿಟ್ರೆ ನೋಡ್ಲಿಲ್ಲ ಅಂತ ಆಗುತ್ತೆ” ಅನ್ನುವುದು ಅವರ ವಾದ. ಒಂದು ವರ್ಷ ಹಳೆಯ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಯಾರೋ ಕಂಪ್ಯೂಟರಿಗೆ ಹಾಕಿಸಿಡಿ ಅಂದರು. ಮದುವೆಗೆ ಮುಂಚೆ ನಾನು ಮೂಡಿಗೆರೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಹೀಗೆ ಆಫೀಸ್ ರೂಮಿನ ಕುರ್ಚಿ ನನ್ನ ಪಾಲಿಗೆ ಬಂತು.

ಆಫೀಸ್ ರೂಮು ಅಂದರೆ ಜಗಲಿಯ ತುದಿಯ ಒಂದು ಕೋಣೆ. ಅದಕ್ಕೆ ಅಂಗಳದಿಂದಲೇ ಬಾಗಿಲು. ಮಾವ ಪುಸ್ತಕ ನೋಡಿ ಓದಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅರ್ಧ ಗಂಟೆಗೆ ಅವರಿಗೆ ಆಕಳಿಕೆ ಬರುತ್ತಿತ್ತು. ಅವರು ಎದ್ದುಹೋದ ಮೇಲೆ ಅತ್ತೆ ಕೂಗುವವರೆಗೆ ಸಿಗುವ ಹತ್ತು ನಿಮಿಷದಲ್ಲಿ ನಾನು ಡೆಸ್ಕ್‌ಟಾಪ್ ಜೋಡಿಸುತ್ತಿದ್ದೆ.

ಜೋಡಿಸುವುದು ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕಾಗಿಲ್ಲ. ಆದರೆ ನನಗೆ ಅದು ಹಬ್ಬ. ಕೆಳಗಿದ್ದ ಟಾಸ್ಕ್‌ಬಾರನ್ನು ಎಳೆದುಕೊಂಡು ಹೋಗಿ ಮೇಲೆ ಕೂರಿಸಬಹುದು ಅಂತ ಗೊತ್ತಾದ ದಿನ ನಾನು ಅದನ್ನು ನಾಲ್ಕೂ ಅಂಚಿಗೆ ಸುತ್ತಿಸಿ ಕೊನೆಗೆ ಮೇಲೆ ನಿಲ್ಲಿಸಿದೆ. ಯಾರೂ ಅದನ್ನು ವಾಪಸ್ ಇಡಲಿಲ್ಲ. ಇಟ್ಟಲ್ಲೇ ಇತ್ತು ಮಾರನೆಯ ದಿನವೂ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕಂಪ್ಯೂಟರ್ ಪತ್ರಿಕೆ ಸಿಗುತ್ತಿತ್ತು, ಅದರ ಜೊತೆ ಒಂದು ಸಿ.ಡಿ. ಬಿಟ್ಟಿ. ನನ್ನ ಗಂಡ ಪೇಟೆಗೆ ಹೋದಾಗ ತಂದುಕೊಡುತ್ತಿದ್ದರು. ಆ ಸಿ.ಡಿ.ಗಳಲ್ಲಿ ವಿಜೆಟ್ ಅಂತ ಚಿಕ್ಕ ಚಿಕ್ಕ ಸಾಮಾನು ಇರುತ್ತಿದ್ದವು. ನಾನು ಪರದೆಯ ಬಲಗಡೆ ಉದ್ದಕ್ಕೆ ಒಂದು ಪಟ್ಟಿ ಮಾಡಿ ಅವನ್ನು ಇಟ್ಟೆ: ಮೇಲೆ ದುಂಡು ಗಡಿಯಾರ, ಕೆಳಗೆ ತಿಂಗಳ ಕ್ಯಾಲೆಂಡರ್, ಅದರ ಕೆಳಗೆ ದಿನ ಎಣಿಸುವ ಪೆಟ್ಟಿಗೆ. ಅದಕ್ಕೊಂದು ತಾರೀಖು ಕೊಟ್ಟರೆ ಇನ್ನೆಷ್ಟು ದಿನ ಉಳಿಯಿತು ಅಂತ ತೋರಿಸುತ್ತಿತ್ತು. ನಾನು ಜೂನ್ ಒಂದು ಅಂತ ಕೊಟ್ಟೆ, ಮಳೆಗಾಲಕ್ಕೆ. ಮಾವನಿಗೆ ಅದು ಬಹಳ ಹಿಡಿಸಿತು. ತೋಟ ನೋಡಲಿಕ್ಕೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಇನ್ನೊಂದು ವಿಜೆಟ್ ಹಳದಿ ಚೀಟಿ. ಎಷ್ಟು ಬೇಕಾದರೂ ತೆರೆದು ಏನು ಬೇಕಾದರೂ ಬರೆದು ಅಂಟಿಸಬಹುದು. ಅದರಲ್ಲಿ ಕನ್ನಡ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆ. ಘನವಾದದ್ದೇನೂ ಅಲ್ಲ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಒಬ್ಬಳೇ ಕೂತು ನೀರುದೋಸೆ ತಿನ್ನುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ, ಅತ್ತೆ ನಿದ್ದೆಯಲ್ಲಿ ಯಾರ ಜೊತೆಗೋ ಜಗಳವಾಡುವ ಬಗ್ಗೆ. ನಾನು ಬರೆಯಲು ಕಲಿತದ್ದು ಅಲ್ಲಿ.

ಈಗ ಮೂರು ದಿನದ ವಿಷಯಕ್ಕೆ ಬರುತ್ತೇನೆ. ಆ ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಿತ್ತು. ಒಳಗೆ ಕಾಲಿಡುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ದೇವರ ಕಡೆ ತಲೆ ಹಾಕುವಂತಿಲ್ಲ. ಹಿಂದೆಲ್ಲ ಹೆಂಗಸರು ಸೌದೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರಂತೆ. ಅದರ ಮಾಡು ಕುಸಿದ ಮೇಲೆ ಅತ್ತೆ ಆಫೀಸ್ ರೂಮಿನಲ್ಲಿ ಒಂದು ಮಂಚ ಹಾಕಿಸಿದ್ದರು. ಕಂಪ್ಯೂಟರ್ ಬಂದ ಮೊದಲ ತಿಂಗಳು ನಾನು ಅಲ್ಲಿ ಹೋಗಿ ಕೂತಾಗ ಅತ್ತೆ ಬಾಗಿಲ ಹೊರಗೆ ನಿಂತು ಯೋಚನೆಗೆ ಬಿದ್ದರು.

“ಹಾಸಿಗೆ ಆದ್ರೆ ಒಗೀಬಹುದು. ಇದನ್ನ ಹೆಂಗೆ ಒಗೀತೀಯ?”

ಜಗಲಿಯಲ್ಲಿದ್ದ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. “ಕರೆಂಟಿಗೆ ಎಂತ ಮೈಲಿಗೆ ಮಾರಾಯ್ತಿ? ಫೋನ್ ಮುಟ್ತಿರ್ಲಿಲ್ವಾ ನೀನು?”

ಅತ್ತೆ ತಲೆ ಕೊಡವಿ ಒಳಗೆ ಹೋದರು. ಹಾಗೆ ನನಗೆ ತಿಂಗಳಿಗೆ ಮೂರು ಹಗಲು ಸಿಕ್ಕಿತು. ಅತ್ತೆ ತಟ್ಟೆ ತಂದು ಹೊಸಿಲ ಮೇಲಿಡುತ್ತಿದ್ದರು. ಯಾರೂ ನನ್ನನ್ನು ಕೂಗುತ್ತಿರಲಿಲ್ಲ, ಕೂಗುವಂತೆಯೇ ಇರಲಿಲ್ಲ. ಹೊಟ್ಟೆ ನೋವು ಇರಲಿ ಬಿಡಲಿ, ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಪರದೆಯ ಮುಂದೆ. ನನ್ನ ಓರಗೆಯವರು ಆ ದಿನಗಳನ್ನು ಶಪಿಸುತ್ತಿದ್ದರು, ನಾನು ಕ್ಯಾಲೆಂಡರ್ ವಿಜೆಟ್ಟಿನಲ್ಲಿ ಚುಕ್ಕಿ ಇಟ್ಟು ಕಾಯುತ್ತಿದ್ದೆ. ಆ ಮೂರು ದಿನ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು, ಇದು ಬಾಯಿಮಾತಲ್ಲ.

ಅದನ್ನು ಕಳೆದುಕೊಂಡದ್ದು ನನ್ನ ಕೈಯಿಂದಲೇ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಅಂತ ಗಾದೆ. ಮನೆದೇವರಿಗೆ ಆ ಗಾದೆ ಹೇಳಬಾರದು, ಆದರೆ ನಾನು ಮಾಡಿದ್ದು ಅದೇ. ಒಂದು ಸಲ ಸಿ.ಡಿ.ಯಲ್ಲಿ ಪೂಜೆಯ ವಿಜೆಟ್ ಬಂತು. ನಮಗೆ ಬೇಕಾದ ದೇವರ ಫೋಟೊ ಹಾಕಿಕೊಂಡು, ಮೌಸ್ ಒತ್ತಿದರೆ ಗಂಟೆ ಬಾರಿಸುತ್ತಿತ್ತು, ದೀಪ ಹತ್ತುತ್ತಿತ್ತು. ಯಾರೂ ಕೇಳಿರಲಿಲ್ಲ. ನಾನೇ ಹೆಚ್ಚುಗಾರಿಕೆಗೆ ಮನೆದೇವರ ಫೋಟೊವನ್ನು ಪೇಟೆಯ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ತರಿಸಿ, ಪಟ್ಟಿಯ ಮೇಲ್ತುದಿಯಲ್ಲಿ ಕೂರಿಸಿ, ಮಾವನನ್ನು ಕರೆದು ದೀಪ ಹಚ್ಚಿ ತೋರಿಸಿದೆ. ಶಭಾಷ್ ಅನ್ನಿಸಿಕೊಳ್ಳುವ ಆಸೆ.

ಮಾವ ತಲೆಯ ಮೇಲಿನ ಟೋಪಿ ತೆಗೆದು ಕೈಮುಗಿದರು. ಕಣ್ಣಲ್ಲಿ ನೀರು ಬಂದಿತ್ತು. “ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ” ಅಂದರು. ಮಾರನೆಯ ದಿನ ಮಳೆಮಾಪಕ ನೋಡಿಕೊಂಡು ಬಂದವರು ಗಮ್‌ಬೂಟನ್ನು ಆಫೀಸ್ ರೂಮಿನ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಅಷ್ಟು ವರ್ಷ ಆ ಕೋಣೆಗೆ ಬೂಟು ಹಾಕಿಕೊಂಡೇ ಬರುತ್ತಿದ್ದ ಮನುಷ್ಯ. ಆ ಬೂಟು ನೋಡಿದಾಗಲೇ ನನಗೆ ಹೊಳೆಯಬೇಕಿತ್ತು.

ಹೊಳೆದದ್ದು ತಿಂಗಳ ಆ ದಿನ ಬಂದಾಗ. ನಾನು ಹಾಸಿಗೆ ಸುತ್ತಿಕೊಂಡು ಜಗಲಿಗೆ ಬಂದರೆ ಆಫೀಸ್ ರೂಮಿನ ಮಂಚ ಅಂಗಳದಲ್ಲಿ ನಿಂತಿತ್ತು. “ಗೊಬ್ಬರದ ರೂಮಲ್ಲಿ ಹಾಕ್ಸ್ತೀನಿ. ಅಲ್ಲಿ ಈಗ ದೇವ್ರಿದಾರಲ್ಲ” ಅಂದರು ಅತ್ತೆ.

“ಅತ್ತೆ, ಅದನ್ನ ತೆಗ್ದುಬಿಡ್ತೀನಿ. ಒಂದು ನಿಮಿಷದ ಕೆಲ್ಸ.”

“ಮನೆದೇವ್ರನ್ನ ತೆಗೀತೀಯ?” ಅಂದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ಬೆರಗಾಗಿ.

ನಾನು ಮಾವನ ಹತ್ತಿರ ಹೋದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರ ಹೆಸರಿಗೆ ಬೇರೆ ಬೇರೆ ಡೆಸ್ಕ್‌ಟಾಪ್ ಮಾಡಬಹುದು, ನನ್ನದರಲ್ಲಿ ದೇವರು ಇರುವುದಿಲ್ಲ, ನಿಮ್ಮದರಲ್ಲಿ ಇರುತ್ತಾರೆ ಅಂತ ದೂರದಲ್ಲಿ ನಿಂತು ವಿವರಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡರು. “ಪೆಟ್ಟಿಗೆ ಒಂದೇ ಅಲ್ವೇನಮ್ಮ?” ಅಂದರು. ಫೋನಿನ ನ್ಯಾಯ ಹೇಳಿದ್ದವರು ಅವರೇ. ಆದರೆ ಈಗ ಅವರಿಗೆ ದಿನಾ ದೀಪ ಹಚ್ಚುವುದು ರೂಢಿಯಾಗಿತ್ತು.

ಗೊಬ್ಬರದ ರೂಮಿಗೆ ಕಿಟಕಿ ಇರಲಿಲ್ಲ. ಯೂರಿಯಾ ಮೂಟೆಗಳ ವಾಸನೆಗೆ ಕಣ್ಣು ಉರಿಯುತ್ತಿತ್ತು. ಮೂರು ದಿನ ಅಲ್ಲಿ ಬಿದ್ದುಕೊಂಡು ಮಾಡಿನ ಹೆಂಚು ಎಣಿಸಿದೆ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಕಂಪ್ಯೂಟರಿನ ಮುಂದೆ ಹೋಗಿ ಕೂತರೆ, ಮೇಲಿದ್ದ ಟಾಸ್ಕ್‌ಬಾರ್ ಎಡಕ್ಕೆ ಹೋಗಿ ಅರ್ಧ ಪರದೆ ನುಂಗಿತ್ತು. ದೀಪ ಹಚ್ಚಲಿಕ್ಕೆ ಮಾವನೇ ಮೌಸ್ ಹಿಡಿದಿದ್ದರು. ಹಳದಿ ಚೀಟಿ ಒಂದೂ ಇರಲಿಲ್ಲ.

“ಅದು ಏನೋ ಕೇಳ್ತಾ ಇತ್ತು. ನಾನು ಯೆಸ್ ಅಂತ ಒತ್ದೆ. ಇಲ್ಲ ಅನ್ನೋದು ಯಾಕೆ ಅಂತ” ಅಂದರು ಮಾವ ಸಂಕೋಚದಿಂದ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಆಗದ ಹಾಗೆ ಹೇಳಿದರು. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ.

ಮುಂದಿನ ತಿಂಗಳು ಮಾರ್ಚ್. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ವಾರವೇ ನನಗೂ ದಿನ ಬಂತು. ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೆ ಗೊತ್ತಾಯಿತು, ಗೊತ್ತಾಗದೆ ಇರುತ್ತದೆಯೇ. “ನಿಮ್ಮಿಬ್ರ ಮಧ್ಯೆ ನಂಗೆ ಬೇಡ” ಅಂದು ಜೀಪು ಹತ್ತಿದರು. ನಾನು ಒಲೆ ಹಚ್ಚಿದೆ, ಅಕ್ಕಿರೊಟ್ಟಿ ತಟ್ಟಿದೆ, ಎಂಟು ಗಂಟೆಗೆ ಮಾವ ಬೂಟು ಬಿಟ್ಟು ಒಳಗೆ ಬಂದಾಗ ದೀಪವನ್ನೂ ಹಚ್ಚಿದೆ. ದೀಪ ಎಂದಿನ ಹಾಗೇ ಹತ್ತಿತು. ಗೊಬ್ಬರದ ರೂಮಿನಿಂದ ತಪ್ಪಿಸಿಕೊಂಡೆ, ಕಂಪ್ಯೂಟರ್ ಉಳಿಸಿಕೊಂಡೆ ಅಂದುಕೊಂಡೆ. ಆದರೆ ಮೂರು ದಿನವೂ ಸೊಂಟ ಹಿಡಿದುಕೊಂಡು ಅಡಿಗೆಮನೆಯಲ್ಲೇ ಇದ್ದೆ. ಹೊರಗೆ ಕೂತರೆ ಮುಟ್ಟುವಂತಿಲ್ಲ, ಒಳಗಿದ್ದರೆ ಪುರುಸೊತ್ತಿಲ್ಲ. ಎಂಥ ಜಾಣತನ ನನ್ನದು.

ಒಂದು ಸಂಗತಿ ಮಾತ್ರ ನನ್ನ ತಲೆಗೇ ಬಂದಿರಲಿಲ್ಲ. ಚುಕ್ಕಿ ಇಟ್ಟು ಎಣಿಸುತ್ತಿದ್ದವಳು ನಾನೊಬ್ಬಳೇ ಅಲ್ಲ. ಮದುವೆಯಾಗಿ ಮೂರು ವರ್ಷ ಆಗಿತ್ತು, ಅತ್ತೆಯೂ ಎಣಿಸುತ್ತಿದ್ದರು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಕೈಯಿಂದ ನೀರಿನ ಕೊಡ ಇಸಿದುಕೊಂಡರು. “ಬಿಡು, ನಾನು ತರ್ತೀನಿ. ನೀನು ಆ ಕಂಪ್ಯೂಟರ್ ರೂಮಲ್ಲಿ ಹೋಗಿ ಕೂತ್ಕೋ.”

ಆಗಲೇ ಹೇಳಬೇಕಿತ್ತು. ಇಲ್ಲ ಅತ್ತೆ, ಹಾಗೇನಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ದೀಪ ಮುಟ್ಟಿದ್ದು ಹೊರಗೆ ಬರುತ್ತದೆ ಅನ್ನುವ ಹೆದರಿಕೆ ಅರ್ಧ. ಇನ್ನರ್ಧ ಏನು ಅಂತ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕುರ್ಚಿ ನನ್ನದಾಗಿತ್ತು. ಅತ್ತೆ ತುಪ್ಪ ಹಾಕಿದ ದೋಸೆಯನ್ನು ಅಲ್ಲಿಗೇ ತಂದುಕೊಡುತ್ತಿದ್ದರು. ನಾನು ಪರದೆಯನ್ನು ಮತ್ತೆ ಮೊದಲಿನಿಂದ ಜೋಡಿಸಿದೆ, ಹೊಸ ಹಳದಿ ಚೀಟಿ ಬರೆದೆ. ಆ ಮನೆಯಲ್ಲಿ ನಾನು ಅಷ್ಟು ಸುಖವಾಗಿ ಇದ್ದದ್ದು ಆ ಎರಡು ವಾರ ಮಾತ್ರ.

ಹಾಗಿರುವಾಗ ಒಂದು ದಿನ ದೀಪ ಹಚ್ಚಿಯಾದ ಮೇಲೂ ಮಾವ ನಿಂತೇ ಇದ್ದರು. ಸೊಸೆಯ ಹತ್ತಿರ ಇಂಥ ಮಾತು ಆಡುವ ಕಾಲದವರಲ್ಲ ಅವರು. ಪರದೆಯ ಕಡೆಗೇ ನೋಡುತ್ತ ಹೇಳಿದರು: “ಮಳೆಗಾಲಕ್ಕೆ ದಿನ ಎಣಿಸೋದು ಹಾಕಿದೀಯಲ್ಲಮ್ಮ, ಅಂಥದೇ ಇನ್ನೊಂದು ಹಾಕ್ಲಿಕ್ಕೆ ಬರುತ್ತಾ?”

“ಬರುತ್ತೆ ಮಾವ. ಯಾವ ದಿನಕ್ಕೆ?”

“ಈ ಸಲ ಹೂವು ಬಂತಲ್ಲ, ಅಲ್ಲಿಂದ ಒಂಬತ್ತು ತಿಂಗ್ಳು. ಕಾಫಿ ಹಣ್ಣಾಗ್ಲಿಕ್ಕೂ ಅಷ್ಟೇ ಬೇಕು ನೋಡು.”

ಬೇರೆ ದಾರಿ ಕಾಣದೆ, “ಅದಕ್ಕೆ ಹೆಸರು ಕೇಳುತ್ತೆ. ಏನಂತ ಹಾಕ್ಲಿ?” ಅಂದೆ.

“ಹೆಸ್ರು ಆಮೇಲೆ ಇಟ್ರಾಯ್ತು” ಅಂದು ಮಾವ ಬೂಟು ಹಾಕಿಕೊಳ್ಳಲು ಹೊರಗೆ ಹೋದರು. ನಾನು ಡಿಸೆಂಬರಿನ ಒಂದು ತಾರೀಖು ಒತ್ತಿದೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಜೂನ್ ತಿಂಗಳ ಪೆಟ್ಟಿಗೆಯ ಕೆಳಗೆ ಇನ್ನೊಂದು ಪೆಟ್ಟಿಗೆ ಬಂದು ಕೂತು ದಿನ ಎಣಿಸಲು ಶುರುಮಾಡಿತು. ಇಲ್ಲದ ಮಗುವಿಗೆ ನಾನೇ ಕೈಯಾರೆ ದಿನ ಗೊತ್ತು ಮಾಡಿದ್ದೆ.

ಏಪ್ರಿಲಿನಲ್ಲಿ ಮತ್ತೆ ದಿನ ಬಂತು. ಈ ಸಲ ನಾನೇ ಗೊಬ್ಬರದ ರೂಮಿಗೆ ನಡೆದುಹೋಗಿ ಮೂಟೆಯ ಮೇಲೆ ಕೂತೆ. ಹುಡುಕಿಕೊಂಡು ಬಂದ ಅತ್ತೆ ಬಾಗಿಲಲ್ಲಿ ನನ್ನನ್ನು ನೋಡಿ ಎದೆ ಹಿಡಿದುಕೊಂಡರು. ಆ ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ. ಹೋದ ತಿಂಗಳು ಮುಚ್ಚಿಟ್ಟದ್ದು, ಒಲೆ ಮುಟ್ಟಿದ್ದು, ದೀಪ ಹಚ್ಚಿದ್ದು. ಅತ್ತೆ ಮುಟ್ಟಬಾರದು ಅನ್ನುವುದನ್ನು ಮರೆತು ನನ್ನ ಪಕ್ಕದ ಮೂಟೆಯ ಮೇಲೆ ಕೂತುಬಿಟ್ಟರು.

“ಯಾಕೆ ಹಿಂಗೆ ಮಾಡ್ದೆ?”

“ನಂಗೆ ಆ ಮೂರು ದಿನ ಬೇಕಿತ್ತು ಅತ್ತೆ.”

ಅರ್ಥವಾಯಿತೋ ಇಲ್ಲವೋ ತಿಳಿಯದು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. “ನಿಮ್ಮಾವಂಗೆ ನಾನು ಹೇಳ್ತೀನಿ. ಹೋಯ್ತು ಅಂತ.”

“ಹೋಗ್ಲಿಕ್ಕೆ ಇತ್ತಾ ಅತ್ತೆ?”

“ಇರ್ಲಿಲ್ಲ ಅಂದ್ರೆ ನೀನು ದೀಪ ಮುಟ್ಟಿದ್ದು ಹೇಳ್ಬೇಕಾಗುತ್ತೆ. ಅವ್ರು ತಡ್ಕೊಳ್ಳಲ್ಲ. ಹೋಯ್ತು ಅಂದ್ರೆ ತಡ್ಕೋತಾರೆ.” ಬಾಗಿಲು ದಾಟಿದವರು ತಿರುಗಿ, “ನೀನು ಬಾಯಿ ಬಿಡ್ಬೇಡ” ಅಂದರು.

ನಾನು ಬಾಯಿ ಬಿಡಲಿಲ್ಲ. ಮಾವ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಮತ್ತೆ ಎಂಟು ಗಂಟೆಗೆ ಬೂಟು ಬಿಟ್ಟು ಬರತೊಡಗಿದರು. ನಾನು ದೀಪ ಹಚ್ಚುತ್ತಿದ್ದೆ. ದೇವರ ಕೆಳಗೆ ಗಡಿಯಾರ, ಗಡಿಯಾರದ ಕೆಳಗೆ ಕ್ಯಾಲೆಂಡರ್, ಅದರ ಕೆಳಗೆ ಮಳೆಗಾಲ, ಎಲ್ಲಕ್ಕಿಂತ ಕೆಳಗೆ ಆ ಪೆಟ್ಟಿಗೆ. ಇನ್ನೂರ ಮೂವತ್ತು, ಇನ್ನೂರ ಇಪ್ಪತ್ತೊಂಬತ್ತು. ಜೂನ್ ಬಂದು ಮಳೆಗಾಲದ ಪೆಟ್ಟಿಗೆ ಮುಗಿದಾಗ ಅದನ್ನು ತೆಗೆದೆ. ಇದೊಂದೇ ಉಳಿಯಿತು.

ತೆಗೆಯುವುದೇನು ಕಷ್ಟದ ಕೆಲಸವಲ್ಲ. ಮೌಸಿನ ಬಲಗಡೆ ಒತ್ತಿ ಒಂದು ಗೆರೆ ಆರಿಸಿದರೆ ಆಯಿತು. ಆದರೆ ತೆಗೆದ ಮಾರನೆಯ ಬೆಳಿಗ್ಗೆ ಮಾವ ಖಾಲಿ ಜಾಗ ನೋಡುತ್ತಾರೆ. ಆಗ ಏನು ಹೇಳಲಿ? ಮಾವ ತಾವಾಗಿ ತೆಗೆಯಮ್ಮ ಅಂದರೆ ತೆಗೆಯೋಣ ಅಂತ ಕಾದೆ. ಅವರು ಅನ್ನಲಿಲ್ಲ. ಇಡೀ ಮನೆಯಲ್ಲಿ ನನ್ನ ಇಷ್ಟಕ್ಕೆ ಜರುಗಿಸಬಹುದಾದ ಜಾಗ ಅದೊಂದಿತ್ತು, ಅಲ್ಲಿಯೂ ಈಗ ಉಪ್ಪಿನ ಭರಣಿ ಬಂದು ಕೂತಿತ್ತು. ನಾನು ಹಳದಿ ಚೀಟಿ ಬರೆಯುವುದನ್ನು ಬಿಟ್ಟೆ. ಪರದೆಯ ಆ ಬದಿಗೆ ಕಣ್ಣು ಹೋಗದ ಹಾಗೆ ಮಳೆ ಸೆಂಟು ಟೈಪ್ ಮಾಡಿ ಎದ್ದುಬರುತ್ತಿದ್ದೆ.

ಡಿಸೆಂಬರಿನಲ್ಲಿ ಹಣ್ಣು ಕೊಯ್ಲು ನಡೆದಿದ್ದಾಗ ಪೆಟ್ಟಿಗೆ ಸೊನ್ನೆಗೆ ಬಂತು. ಆ ಬೆಳಿಗ್ಗೆ ಮಾವ ಮಳೆಮಾಪಕ ನೋಡಿ, ಪುಸ್ತಕದಲ್ಲಿ ಸೊನ್ನೆ ಬರೆದು, ಒಳಗೆ ಬಂದರು. ನಾನು ದೀಪ ಹಚ್ಚಿದೆ. ಅವರು ಕೈಮುಗಿದು ಮುಗಿಸಿ, ಪೆಟ್ಟಿಗೆಯನ್ನು ನೋಡಿ, ಬಹಳ ಮೆತ್ತಗೆ ಅಂದರು:

“ಈಗಾದ್ರೂ ತೆಗಿಯಮ್ಮ. ನೀನು ನೆನಪಿಗೆ ಅಂತ ಇಟ್ಕೊಂಡಿದೀಯ ಅಂತ ಇಷ್ಟು ದಿನ ನಾನು ಸುಮ್ನಿದ್ದೆ. ದಿನಾ ನೋಡ್ಲಿಕ್ಕೆ ನಂಗೂ ಆಗ್ತಿರ್ಲಿಲ್ಲ.”

ಎಂಟು ತಿಂಗಳು ನಾವಿಬ್ಬರೂ ಒಬ್ಬರಿಗಾಗಿ ಒಬ್ಬರು ಅದನ್ನು ಸಹಿಸಿಕೊಂಡಿದ್ದೆವು. ಆ ಗಳಿಗೆಯಲ್ಲಿ ಸತ್ಯ ಹೇಳಲು ನನ್ನ ಬಾಯಿ ತೆರೆದದ್ದು ನಿಜ. ಆದರೆ ಅಷ್ಟು ಕರುಣೆಯ ಎದುರು ನಿಂತು ನಿಮ್ಮ ಮೊಮ್ಮಗು ಇರಲೇ ಇಲ್ಲ ಅಂತ ಹೇಗೆ ಹೇಳುವುದು? ಬಲಗಡೆ ಒತ್ತಿದೆ. ಪರದೆ ಏನೋ ಕೇಳಿತು.

“ಏನಂತೆ?” ಅಂದರು ಮಾವ.

“ತೆಗೀಲಾ ಅಂತ ಕೇಳ್ತಿದೆ.”

“ನೀನು ಬಿಡು” ಅಂದು ನನ್ನ ಕೈ ಸರಿಸಿ, ಮೌಸನ್ನು ತಾವೇ ಹಿಡಿದು ಯೆಸ್ ಒತ್ತಿದರು.

ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಅವಳು ನಡೆಯುವ ಹೊತ್ತಿಗೆ ಆ ಕಂಪ್ಯೂಟರ್ ಕೆಟ್ಟು ಅಟ್ಟ ಸೇರಿತ್ತು, ದೇವರು ದೇವರ ಕೋಣೆಗೆ ವಾಪಸಾಗಿದ್ದರು. ಅತ್ತೆ ಕೊನೆಯವರೆಗೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಗೆ ಬಂದ ನೆಂಟರು ಮಗಳ ಕೆನ್ನೆ ಹಿಂಡಿ, ಮೊದಲನೇ ಮೊಮ್ಮಗಳಾ ಅಂತ ಮಾವನನ್ನು ಕೇಳುತ್ತಿದ್ದರು. ಮಾವ ಒಂದು ಸಲವೂ ಮರೆಯದೆ, “ಇಲ್ಲ, ಇದು ಎರಡನೇದು. ಮೊದಲ್ನೇದು ನಮಗೆ ಉಳೀಲಿಲ್ಲ” ಅನ್ನುತ್ತಿದ್ದರು. ನಾನು ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದೆ.